ಹಲವು ಆಟಗಳ ಕಾಲೇಜು ಕ್ರೀಡಾಪಟುವಿನ ಬಾಳು-ಬಳುವಳಿಯನ್ನು ಬರೆಯುವ ಬಗೆ

ಜಾಕಿ ರಾಬಿನ್ಸನ್ ಎಂದೊಡನೆ ಬೇಸ್‌ಬಾಲ್ ನೆನಪಾಗುತ್ತದೆ. 1947ರ ಏಪ್ರಿಲ್ 15ರಂದು ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಪರವಾಗಿ ಮೈದಾನಕ್ಕಿಳಿದು, ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ 1880ರ ದಶಕದಿಂದ ಕಪ್ಪು ಜನರಿಗೆ ಮುಚ್ಚಿಕೊಂಡಿದ್ದ ಬಾಗಿಲನ್ನು ತೆರೆದವರು ಅವರು. ಆದರೆ ಅದಕ್ಕೂ ಏಳು ವರ್ಷ ಮೊದಲು, 1940ರ ವಸಂತದಲ್ಲಿ, ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ, ಅಂದರೆ ಯುಸಿಎಲ್‌ಎಯ ವಿದ್ಯಾರ್ಥಿಯಾಗಿ ಅವರು ಆಡಿದ ಒಂದೇ ಒಂದು ಬೇಸ್‌ಬಾಲ್ ಋತುವಿನ ಬ್ಯಾಟಿಂಗ್ ಸರಾಸರಿ .097 ಮಾತ್ರ. ಹತ್ತು ಸಲ ಬ್ಯಾಟ್ ಹಿಡಿದರೆ ಸರಾಸರಿ ಒಂದು ಹಿಟ್, ಅಂದರೆ ಬೇಸ್ ತಲುಪಿಸುವ ಹೊಡೆತ, ಕೂಡ ಪೂರ್ತಿಯಾಗಿ ದಕ್ಕಲಿಲ್ಲ ಎಂದರ್ಥ. ಅದೇ ವರ್ಷ ಅವರು ಅಮೆರಿಕದ ಕಾಲೇಜುಗಳ ರಾಷ್ಟ್ರೀಯ ಕೂಟದಲ್ಲಿ ಉದ್ದಜಿಗಿತದ ಚಾಂಪಿಯನ್ ಆದರು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಪಶ್ಚಿಮ ಕರಾವಳಿಯ ಕಾಲೇಜುಗಳ ಒಕ್ಕೂಟವಾದ ಪೆಸಿಫಿಕ್ ಕೋಸ್ಟ್ ಕಾನ್ಫರೆನ್ಸ್‌ನ ದಕ್ಷಿಣ ವಿಭಾಗಕ್ಕೇ ಅತಿ ಹೆಚ್ಚು ಅಂಕ ಗಳಿಸಿದವರಾದರು. ಅದರ ಹಿಂದಿನ ಶರತ್ಕಾಲದಲ್ಲಿ ಸೋಲೇ ಕಾಣದ ಅಮೆರಿಕನ್ ಫುಟ್‌ಬಾಲ್ ತಂಡವೊಂದರಲ್ಲಿ ಚೆಂಡು ಹಿಡಿದು ಓಡಿದ್ದರು.

ಇಂಥ ಒಂದು ಬಾಳನ್ನು ಬರೆಯಲು ಕುಳಿತವರು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಮುಂದೆ ಹೆಸರು ತಂದುಕೊಟ್ಟ ಆಟವೊಂದನ್ನೇ ಆರಿಸಿಕೊಂಡು ಉಳಿದವುಗಳನ್ನು ಎರಡು ಸಾಲಿನಲ್ಲಿ ಮುಗಿಸುವುದು ಒಂದು ದಾರಿ. ಫುಟ್‌ಬಾಲ್‌ಗೆ ಒಂದು ಅಧ್ಯಾಯ, ಬ್ಯಾಸ್ಕೆಟ್‌ಬಾಲ್‌ಗೆ ಒಂದು ಅಧ್ಯಾಯ ಎಂದು ಆಟವಾರು ಹಂಚಿಬಿಡುವುದು ಇನ್ನೊಂದು. ಮೊದಲನೆಯದರಲ್ಲಿ ಆ ವ್ಯಕ್ತಿಯ ಯೌವನವೇ ಕಾಣೆಯಾಗುತ್ತದೆ. ಎರಡನೆಯದರಲ್ಲಿ ಒಬ್ಬ ವ್ಯಕ್ತಿ ಒಡೆದು ನಾಲ್ವರಾಗುತ್ತಾನೆ. ಹಲವು ಆಟಗಳನ್ನು ಆಡಿದವರ ಕಥೆಯನ್ನು ಅವರು ಬದುಕಿದಂತೆಯೇ, ಅಂದರೆ ತಿಂಗಳು ತಿಂಗಳಾಗಿ, ಒಂದು ಆಟದ ದಣಿವು ಆರುವ ಮೊದಲೇ ಇನ್ನೊಂದರ ಅಭ್ಯಾಸಕ್ಕೆ ಹೋದ ಕ್ರಮದಲ್ಲಿಯೇ ಹೇಳಬೇಕು ಎಂಬುದು ನನ್ನ ದೃಢವಾದ ನಂಬಿಕೆ. ಈ ಬರಹ ಆ ಕೆಲಸವನ್ನು ಹೇಗೆ ಮಾಡಬಹುದು ಎಂಬುದನ್ನು ವಿವರಿಸುತ್ತದೆ. ಒಂದೇ ವಿದ್ಯಾರ್ಥಿ ಹಲವು ಆಟಗಳಲ್ಲಿ ಕಾಲೇಜನ್ನು ಪ್ರತಿನಿಧಿಸುವ ಪದ್ಧತಿ ಅತ್ಯಂತ ದಟ್ಟವಾಗಿ ಬೆಳೆದದ್ದು ಅಮೆರಿಕದಲ್ಲಿ. ಹಾಗಾಗಿ ಉದಾಹರಣೆಗಳೆಲ್ಲ ಅಲ್ಲಿಯವೇ, ಹೆಚ್ಚಿನವು ರಾಬಿನ್ಸನ್ ಅವರವೇ.

ಮೊದಲು ಕ್ಯಾಲೆಂಡರ್ ಕಟ್ಟಿಕೊಳ್ಳಿ

ಒಂದು ವಾಕ್ಯವನ್ನೂ ಬರೆಯುವ ಮುನ್ನ ಕ್ರೀಡಾಪಟುವಿನ ಕಾಲೇಜು ವರ್ಷಗಳ ಕ್ಯಾಲೆಂಡರ್ ಒಂದನ್ನು ಕಾಗದದ ಮೇಲೆ ಹರಡಿಕೊಳ್ಳಬೇಕು. ಅಮೆರಿಕದ ಕಾಲೇಜು ಕ್ರೀಡೆ ಋತುಗಳಿಗೆ ಕಟ್ಟುಬಿದ್ದದ್ದು. ಶರತ್ಕಾಲದಲ್ಲಿ ಫುಟ್‌ಬಾಲ್, ಚಳಿಗಾಲದಲ್ಲಿ ಬ್ಯಾಸ್ಕೆಟ್‌ಬಾಲ್, ವಸಂತದಲ್ಲಿ ಬೇಸ್‌ಬಾಲ್ ಮತ್ತು ಟ್ರ್ಯಾಕ್ ಅಂಡ್ ಫೀಲ್ಡ್ (ಓಟ, ಜಿಗಿತ, ಎಸೆತಗಳು) ಎರಡೂ ಒಟ್ಟಿಗೆ. ಹೀಗೆ ಜೋಡಿಸಿಟ್ಟ ಕೂಡಲೇ, ಯಾರೂ ಹೇಳದಿದ್ದರೂ, ಎರಡು ಸಂಗತಿಗಳು ಕಣ್ಣಿಗೆ ಬೀಳುತ್ತವೆ: ಫುಟ್‌ಬಾಲ್ ಆಡಿದವರು ಬ್ಯಾಸ್ಕೆಟ್‌ಬಾಲ್ ತಂಡವನ್ನು ತಡವಾಗಿ ಸೇರುತ್ತಾರೆ, ಮತ್ತು ವಸಂತದಲ್ಲಿ ಎರಡು ತಂಡಗಳು ಒಬ್ಬರೇ ವ್ಯಕ್ತಿಗಾಗಿ ಹಗ್ಗಜಗ್ಗಾಟ ನಡೆಸುತ್ತವೆ.

ರಾಬಿನ್ಸನ್ ಅವರ ಕ್ಯಾಲೆಂಡರನ್ನೇ ನೋಡಿ. 1919ರ ಜನವರಿ 31ರಂದು ಜಾರ್ಜಿಯಾ ರಾಜ್ಯದ ಕೈರೋದಲ್ಲಿ ಹುಟ್ಟಿದ ಅವರು ಬೆಳೆದದ್ದು ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ, ಐದು ಮಕ್ಕಳನ್ನು ಒಬ್ಬಂಟಿಯಾಗಿ ಸಾಕಿದ ತಾಯಿ ಮ್ಯಾಲಿ ಅವರ ಆಸರೆಯಲ್ಲಿ. ಪದವಿಯ ಮೊದಲ ಎರಡು ವರ್ಷಗಳನ್ನು ಕಲಿಸುವ ಪಸಡೀನಾ ಜೂನಿಯರ್ ಕಾಲೇಜಿನಲ್ಲಿದ್ದಾಗ, 1938ರ ಮೇ ತಿಂಗಳ ಒಂದು ದಿನ, ಬೆಳಿಗ್ಗೆ ಕ್ರೀಡಾಕೂಟವೊಂದರಲ್ಲಿ 25 ಅಡಿ 6½ ಅಂಗುಲ ಜಿಗಿದು, ಅಣ್ಣ ಮ್ಯಾಕ್ ಹೆಸರಿನಲ್ಲಿದ್ದ ಜೂನಿಯರ್ ಕಾಲೇಜು ದಾಖಲೆಯನ್ನು ಮುರಿದು, ಅಲ್ಲಿಂದ ಕಾರಿನಲ್ಲಿ ಗ್ಲೆಂಡೇಲ್‌ಗೆ ಹೋಗಿ ಅದೇ ಮಧ್ಯಾಹ್ನ ಬೇಸ್‌ಬಾಲ್ ಪಂದ್ಯವನ್ನಾಡಿದರು. ಆಟವಾರು ಹಂಚಿ ಬರೆದವರ ಕೈಯಲ್ಲಿ ಈ ದಿನ ಎರಡು ಅಧ್ಯಾಯಗಳಿಗೆ ಹರಿದುಹೋಗುತ್ತದೆ, ದಾಖಲೆ ಒಂದು ಕಡೆ, ಪಂದ್ಯ ಇನ್ನೊಂದು ಕಡೆ. ಆ ಎರಡರ ನಡುವಿನ ರಸ್ತೆಯೇ ಈ ಬಾಳಿನ ನಿಜವಾದ ರೂಪ ಎನ್ನುವುದು ಓದುಗರಿಗೆ ತಿಳಿಯುವುದೇ ಇಲ್ಲ.

ಯುಸಿಎಲ್‌ಎಯ ವರ್ಷಗಳೂ ಹಾಗೆಯೇ. 1939ರ ಆರಂಭದಲ್ಲಿ ಅಲ್ಲಿಗೆ ಸೇರಿದ ಅವರು ಆ ಶರತ್ಕಾಲದಲ್ಲಿ ಫುಟ್‌ಬಾಲ್, ಅದು ಮುಗಿಯುತ್ತಲೇ ಬ್ಯಾಸ್ಕೆಟ್‌ಬಾಲ್, 1940ರ ವಸಂತದಲ್ಲಿ ಬೇಸ್‌ಬಾಲ್ ಮತ್ತು ಉದ್ದಜಿಗಿತ, ಮತ್ತೆ ಶರತ್ಕಾಲದಲ್ಲಿ ಫುಟ್‌ಬಾಲ್, ಚಳಿಗಾಲದಲ್ಲಿ ಬ್ಯಾಸ್ಕೆಟ್‌ಬಾಲ್ ಎಂದು ಬಿಡುವಿಲ್ಲದೆ ಆಡಿ, 1941ರ ವಸಂತದಲ್ಲಿ ಪದವಿ ಮುಗಿಸದೆಯೇ ಕಾಲೇಜು ಬಿಟ್ಟರು. ಇಷ್ಟನ್ನು ಸಾಲಾಗಿ ಇಟ್ಟುಕೊಂಡ ಮೇಲೆ .097 ಎಂಬ ಸಂಖ್ಯೆ ಬೇರೆಯಾಗಿಯೇ ಕಾಣುತ್ತದೆ. ಮೊದಲ ಪಂದ್ಯದಲ್ಲಿ ನಾಲ್ಕು ಹಿಟ್ ಹೊಡೆದು, ಎಸೆತಗಾರನ ಕಣ್ಣೆದುರೇ ಕೊನೆಯ ಬೇಸ್‌ಗೆ ನುಗ್ಗಿ ರನ್ ಕದ್ದ ಆಟಗಾರ ಆಮೇಲೆ ಕುಸಿದದ್ದು ಪ್ರತಿಭೆಯ ಕೊರತೆಯಿಂದಲೋ, ಶರತ್ಕಾಲದಿಂದ ವಿಶ್ರಾಂತಿಯೇ ಕಾಣದ ದೇಹದಿಂದಲೋ ಎಂಬ ಪ್ರಶ್ನೆಯನ್ನು ಕ್ಯಾಲೆಂಡರ್ ನಮ್ಮ ಮುಂದಿಡುತ್ತದೆ. ಉತ್ತರವನ್ನು ನೀವು ಊಹಿಸಿ ಬರೆಯಬಾರದು. ಪ್ರಶ್ನೆಯನ್ನು ಮಾತ್ರ ಓದುಗರ ಮುಂದಿಟ್ಟು, ಯಾವ ವಾರ ಯಾವ ಪಂದ್ಯಗಳಿದ್ದವು ಎಂಬ ವಿವರವನ್ನು ಒದಗಿಸಿದರೆ ಸಾಕು.

ಕ್ಯಾಲೆಂಡರಿನ ಬದಿಯಲ್ಲಿ ಇನ್ನೊಂದು ಸಾಲು ಬಿಟ್ಟುಕೊಳ್ಳುವುದು ಒಳ್ಳೆಯದು: ತರಗತಿ, ಸಂಪಾದನೆಯ ಕೆಲಸ, ಮನೆ. ಯುಸಿಎಲ್‌ಎಯಲ್ಲಿಯೇ ರಾಬಿನ್ಸನ್ ತಮ್ಮ ಮುಂದಿನ ಪತ್ನಿ ರೇಚಲ್ ಐಸಮ್ ಅವರನ್ನು ಭೇಟಿಯಾದರು. ದಶಕಗಳ ನಂತರ ಅದೇ ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ತಂಡದ ಆಟಗಾರ್ತಿಯೂ ಏಳು ಸ್ಪರ್ಧೆಗಳನ್ನೊಳಗೊಂಡ ಹೆಪ್ಟಾಥ್ಲಾನ್‌ನ ಸ್ಪರ್ಧಿಯೂ ಆಗಿದ್ದ ಜಾಕಿ ಜಾಯ್ನರ್-ಕರ್ಸಿ, ಮೊದಲ ವರ್ಷದಲ್ಲಿಯೇ ತಾಯಿಯನ್ನು ಕಳೆದುಕೊಂಡರು. 1982 ಮತ್ತು 1983ರಲ್ಲಿ ಅವರು ಗೆದ್ದ ಕಾಲೇಜು ಹೆಪ್ಟಾಥ್ಲಾನ್ ಪ್ರಶಸ್ತಿಗಳನ್ನು ಈ ಸಂಗತಿಯಿಂದ ಬೇರ್ಪಡಿಸಿ ಬರೆದರೆ ಪ್ರಶಸ್ತಿಗಳ ಪಟ್ಟಿ ಉಳಿಯುತ್ತದೆ, ಮನುಷ್ಯರು ಉಳಿಯುವುದಿಲ್ಲ.

ಲೆಟರ್‌ಗಳನ್ನು ಎಣಿಸುವಾಗ

ಅಮೆರಿಕದ ಕಾಲೇಜು ಕ್ರೀಡಾಪಟುವಿನ ಸಾಧನೆಯನ್ನು ಹೇಳುವ ಮೊದಲ ಅಳತೆ ವಾರ್ಸಿಟಿ ಲೆಟರ್. ಕಾಲೇಜಿನ ಮುಖ್ಯ ತಂಡದಲ್ಲಿ ನಿಗದಿಯಾದಷ್ಟು ಆಡಿದವರಿಗೆ ಕಾಲೇಜಿನ ಹೆಸರಿನ ಮೊದಲಕ್ಷರವನ್ನು ಬಟ್ಟೆಯಲ್ಲಿ ಹೊಲಿದು ಕೊಡುವ ಪದ್ಧತಿಯಿಂದ ಈ ಹೆಸರು ಬಂದಿದೆ. ಕನ್ನಡದಲ್ಲಿ ಇದನ್ನು ಪದಕ ಎಂದಾಗಲಿ ಪ್ರಮಾಣಪತ್ರ ಎಂದಾಗಲಿ ಅನುವಾದಿಸಿದರೆ ಅರ್ಥ ಕೆಡುತ್ತದೆ. ಲೆಟರ್ ಎಂದೇ ಇಟ್ಟುಕೊಂಡು ಮೊದಲ ಸಲ ಬಂದಾಗ ಒಂದು ವಾಕ್ಯದಲ್ಲಿ ವಿವರಿಸುವುದು ಉತ್ತಮ. ಲೆಟರ್ ಪ್ರತಿ ಆಟಕ್ಕೆ, ಪ್ರತಿ ವರ್ಷಕ್ಕೆ ಒಂದರಂತೆ ಸಿಗುತ್ತದೆ ಎಂಬುದನ್ನು ಮರೆಯಬಾರದು. ನಾಲ್ಕು ಆಟಗಳಲ್ಲಿ ಲೆಟರ್ ಪಡೆದವರು ಎಂಬುದೂ ನಾಲ್ಕು ಲೆಟರ್ ಪಡೆದವರು ಎಂಬುದೂ ಒಂದೇ ಅಲ್ಲ. ಯುಸಿಎಲ್‌ಎಯ ಇತಿಹಾಸದಲ್ಲಿ ನಾಲ್ಕು ಆಟಗಳಲ್ಲಿ ಲೆಟರ್ ಗಳಿಸಿದವರಲ್ಲಿ ರಾಬಿನ್ಸನ್ ಮೊದಲಿಗರು.

ಎಣಿಕೆ ಎಷ್ಟು ಜಾರುವಂಥದ್ದು ಎಂಬುದಕ್ಕೆ ಮುಂದೆ ಗಾಯಕ-ನಟರಾಗಿ ಹೆಸರಾದ ಕಪ್ಪು ಕ್ರೀಡಾಪಟು ಪಾಲ್ ರೋಬ್ಸನ್ ಅವರನ್ನು ನೋಡಬಹುದು. ನ್ಯೂ ಜೆರ್ಸಿಯ ರಟ್ಗರ್ಸ್ ಕಾಲೇಜಿನಲ್ಲಿ 1915ರಿಂದ 1919ರವರೆಗೆ ಓದಿದ ಅವರು ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್, ಬೇಸ್‌ಬಾಲ್, ಟ್ರ್ಯಾಕ್ ನಾಲ್ಕರಲ್ಲೂ ಆಡಿದರು. ಒಟ್ಟು ಲೆಟರ್‌ಗಳು 12 ಎಂದು ಬರೆದವರೂ ಇದ್ದಾರೆ, 15 ಎಂದು ಬರೆದವರೂ ಇದ್ದಾರೆ. ಇಂಥ ಕಡೆ ದೊಡ್ಡ ಸಂಖ್ಯೆಯತ್ತ ಕೈ ಚಾಚುವ ಮುನ್ನ ಆ ಕಾಲೇಜಿನಲ್ಲಿ ಆ ವರ್ಷ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಮುಖ್ಯ ತಂಡದಲ್ಲಿ ಆಡಲು ಅವಕಾಶವಿತ್ತೇ ಎಂದು ವಿಚಾರಿಸಬೇಕು. ಅಮೆರಿಕದ ಬಹಳಷ್ಟು ಕಾಲೇಜುಗಳಲ್ಲಿ 1972ರವರೆಗೆ ಮೊದಲ ವರ್ಷದವರು ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್‌ನ ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ. ಆ ನಿಯಮವಿದ್ದಲ್ಲಿ ಆಟವೊಂದಕ್ಕೆ ಮೂರೇ ಲೆಟರ್, ಇಲ್ಲದಿದ್ದಲ್ಲಿ ನಾಲ್ಕು. ಹೀಗೆ ಲೆಕ್ಕ ಹಾಕಿದರೆ ಅಸಾಧ್ಯವಾದ ಸಂಖ್ಯೆಗಳು ತಾವಾಗಿಯೇ ಉದುರಿಹೋಗುತ್ತವೆ.

ಮಹಿಳೆಯರ ವಿಷಯದಲ್ಲಿ ಲೆಟರ್ ಎಂಬ ಅಳತೆಯೇ ಅನ್ಯಾಯದ್ದು. ಶಿಕ್ಷಣದಲ್ಲಿ ಲಿಂಗಭೇದವನ್ನು ನಿಷೇಧಿಸಿದ ಟೈಟಲ್ ನೈನ್ ಕಾನೂನು ಬಂದದ್ದು 1972ರಲ್ಲಿ. ಅದಕ್ಕೂ ಹಿಂದಿನ ಎಷ್ಟೋ ಕಾಲೇಜುಗಳಲ್ಲಿ ಮಹಿಳೆಯರು ನಾಲ್ಕಾರು ಆಟಗಳನ್ನು ಆಡಿದ್ದರೂ ಲೆಟರ್, ವಿದ್ಯಾರ್ಥಿವೇತನ, ಪತ್ರಿಕೆಯ ವರದಿ ಯಾವುದೂ ಸಿಗಲಿಲ್ಲ. ಆ ಕಾಲದ ಕ್ರೀಡಾಪಟುವಿನ ಬಗ್ಗೆ ಬರೆಯುವವರು ದಾಖಲೆ ಇಲ್ಲದ್ದನ್ನು ಸಾಧನೆ ಇಲ್ಲದ್ದೆಂದು ತಿಳಿಯದೆ, ತಂಡದ ಛಾಯಾಚಿತ್ರಗಳು, ದೈಹಿಕ ಶಿಕ್ಷಣ ವಿಭಾಗದ ಕಡತಗಳು ಮತ್ತು ಸಹ ಆಟಗಾರ್ತಿಯರ ನೆನಪುಗಳನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ.

ಅಂಕಿಗಳನ್ನು ಕನ್ನಡದ ಓದುಗರಿಗೆ ತಲುಪಿಸುವುದು

ಫುಟ್‌ಬಾಲ್ ಎಂದು ಬರೆದರೆ ನಮ್ಮ ಓದುಗರು ಕಾಲಿನಿಂದ ಒದೆಯುವ ಚೆಂಡನ್ನೇ ಕಲ್ಪಿಸಿಕೊಳ್ಳುತ್ತಾರೆ. ಆದ್ದರಿಂದ ಮೊದಲ ಉಲ್ಲೇಖದಲ್ಲಿಯೇ ಇದು ಅಮೆರಿಕನ್ ಫುಟ್‌ಬಾಲ್, ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳನ್ನು ತಪ್ಪಿಸಿಕೊಂಡು ಮುನ್ನುಗ್ಗುವ ಆಟ ಎಂದು ಹೇಳಿಬಿಡಬೇಕು. ಬೇಸ್‌ಬಾಲ್ ಸರಾಸರಿಯನ್ನು ಕ್ರಿಕೆಟ್ ಸರಾಸರಿಯಂತೆ ಓದುವ ಅಪಾಯ ಇನ್ನೂ ದೊಡ್ಡದು. 1949ರಲ್ಲಿ ರಾಬಿನ್ಸನ್ .342 ಸರಾಸರಿಯೊಡನೆ, ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದಾದ ನ್ಯಾಷನಲ್ ಲೀಗ್‌ನ ಅತ್ಯುತ್ತಮ ಬ್ಯಾಟರ್ ಆದರು, ಆ ವರ್ಷದ ಅತ್ಯಮೂಲ್ಯ ಆಟಗಾರ ಪ್ರಶಸ್ತಿಯನ್ನೂ ಪಡೆದರು ಎಂದರೆ, ಮೂರು ಸಲದಲ್ಲಿ ಒಮ್ಮೆಗಿಂತ ತುಸು ಹೆಚ್ಚು ಹಿಟ್ ಹೊಡೆದರು ಎಂದು ಅರ್ಥ ಬಿಡಿಸಿ ಹೇಳಬೇಕು. .097 ಮತ್ತು .342 ಎರಡನ್ನೂ ಹೀಗೆ ಬಿಡಿಸಿಟ್ಟರೆ ಒಂಬತ್ತು ವರ್ಷಗಳಲ್ಲಿ ಆ ಮನುಷ್ಯ ಕ್ರಮಿಸಿದ ದೂರ ಯಾವ ವಿಶೇಷಣದ ಸಹಾಯವೂ ಇಲ್ಲದೆ ಓದುಗರಿಗೆ ಗೋಚರವಾಗುತ್ತದೆ.

ಅಡಿ-ಅಂಗುಲಗಳನ್ನು ಮೀಟರಿಗೆ ಪರಿವರ್ತಿಸುವಾಗ ಜಿಗಿತ ಮತ್ತು ಎಸೆತಗಳಲ್ಲಿ ಸೆಂಟಿಮೀಟರಿಗಿಂತ ಚಿಕ್ಕ ಭಾಗವನ್ನು ಕೈಬಿಡುತ್ತಾರೆ, ಮೇಲಕ್ಕೆ ಏರಿಸುವುದಿಲ್ಲ. ಈ ಕ್ರಮದಂತೆ ಪಸಡೀನಾ ದಿನಗಳ 25 ಅಡಿ 6½ ಅಂಗುಲ 7.78 ಮೀಟರ್ ಆಗುತ್ತದೆ. 1940ರಲ್ಲಿ ಕಾಲೇಜು ಚಾಂಪಿಯನ್ ಆದಾಗಿನ 24 ಅಡಿ 10¼ ಅಂಗುಲ 7.57 ಮೀಟರ್ ಆಗುತ್ತದೆ. ಮೂಲದಲ್ಲಿದ್ದ ಅಳತೆಯನ್ನೂ ಜೊತೆಗೆ ಉಳಿಸಿಕೊಳ್ಳಿ, ಏಕೆಂದರೆ ನಿಮ್ಮ ಲೆಕ್ಕ ತಪ್ಪಿದ್ದರೆ ಮುಂದಿನವರು ಅದರಿಂದಲೇ ತಿದ್ದಬೇಕು. ಹೋಲಿಕೆಯೂ ಬೇಕಾಗುತ್ತದೆ. 1936ರ ಬರ್ಲಿನ್ ಒಲಿಂಪಿಕ್ಸ್‌ನ ಉದ್ದಜಿಗಿತದಲ್ಲಿ ಜೆಸ್ಸಿ ಓವೆನ್ಸ್ 8.06 ಮೀಟರ್ ಜಿಗಿದು ಚಿನ್ನ ಗೆದ್ದರು, 7.74 ಮೀಟರಿಗೆ ಕಂಚು ದೊರೆಯಿತು. ರಾಬಿನ್ಸನ್ ಜಿಗಿತ ಆ ಕಂಚಿನ ಅಳತೆಗಿಂತ ಮುಂದಿತ್ತು ಎಂದು ಬರೆಯಬಹುದು. ಅವರು ಕಂಚು ಗೆಲ್ಲುತ್ತಿದ್ದರು ಎಂದು ಬರೆಯುವಂತಿಲ್ಲ; ಬೇರೆ ದಿನ, ಬೇರೆ ಗಾಳಿ, ಬೇರೆ ನೆಲ.

ಮುಚ್ಚಿದ ಬಾಗಿಲುಗಳ ಪಟ್ಟಿ

ಹಲವು ಆಟಗಳಲ್ಲಿ ನುರಿತವರು ಕೊನೆಗೆ ಒಂದನ್ನೇ ಏಕೆ ಆರಿಸಿಕೊಂಡರು ಎಂಬ ಪ್ರಶ್ನೆ ಇಂಥ ಜೀವನಚರಿತ್ರೆಯ ನಡುಗಂಬ. ಬರೆಯುವವರು ಇದಕ್ಕೆ ಒಲವು, ಪ್ರೀತಿ, ವಿಧಿ ಎಂಬ ಉತ್ತರಗಳನ್ನು ಕೊಡುತ್ತಾರೆ. ಅವು ಸುಳ್ಳೇ ಆಗಿರಬೇಕೆಂದಿಲ್ಲ, ಆದರೆ ಅವುಗಳಿಗೂ ಮೊದಲು ಆ ವರ್ಷ ಯಾವ ಬಾಗಿಲು ತೆರೆದಿತ್ತು, ಯಾವುದು ಮುಚ್ಚಿತ್ತು ಎಂಬ ಪಟ್ಟಿಯನ್ನು ಮಾಡಲೇಬೇಕು. ಈ ಭಾಗಕ್ಕೆ ಎಷ್ಟು ಸಮಯ ಕೊಟ್ಟರೂ ಹೆಚ್ಚಲ್ಲ ಎಂದು ನಾನು ತಿಳಿಯುತ್ತೇನೆ.

1941ರಲ್ಲಿ ಕಾಲೇಜು ಬಿಟ್ಟಾಗ ರಾಬಿನ್ಸನ್ ಎದುರು ಏನಿತ್ತು? ಉದ್ದಜಿಗಿತಗಾರನ ಗುರಿಯಾಗಬೇಕಿದ್ದ 1940ರ ಒಲಿಂಪಿಕ್ಸ್, ಮೊದಲು ಟೋಕಿಯೋಗೆ ಕೊಟ್ಟು ಆಮೇಲೆ ಹೆಲ್ಸಿಂಕಿಗೆ ವರ್ಗಾಯಿಸಿ, ಕೊನೆಗೆ ಯುದ್ಧದ ಕಾರಣ ರದ್ದಾಗಿತ್ತು. ವೃತ್ತಿಪರ ಫುಟ್‌ಬಾಲ್‌ನ ನ್ಯಾಷನಲ್ ಫುಟ್‌ಬಾಲ್ ಲೀಗ್‌ನಲ್ಲಿ 1934ರಿಂದ 1945ರವರೆಗೆ ಒಬ್ಬ ಕಪ್ಪು ಆಟಗಾರನೂ ಇರಲಿಲ್ಲ. ಈಗ ನಮಗೆ ಗೊತ್ತಿರುವ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಮೂಲ ಸಂಸ್ಥೆ ಹುಟ್ಟಿದ್ದೇ 1946ರಲ್ಲಿ, ಅದರಲ್ಲಿ ಕಪ್ಪು ಆಟಗಾರರು ಆಡಿದ್ದು 1950ರಿಂದ. ಮೇಜರ್ ಲೀಗ್ ಬೇಸ್‌ಬಾಲ್ ಕೂಡ ಮುಚ್ಚಿಯೇ ಇತ್ತು. ನಾಲ್ಕು ಆಟಗಳಲ್ಲಿ ನಾಡಿನ ಮುಂಚೂಣಿಯಲ್ಲಿದ್ದ ಯುವಕನೊಬ್ಬನಿಗೆ ನಾಲ್ಕರಲ್ಲಿ ಒಂದೂ ತೆರೆದಿರಲಿಲ್ಲ. ಅವರು ಹವಾಯಿಯ ಹೊನೊಲುಲುವಿಗೆ ಹೋಗಿ ಅಲ್ಲಿನ ಅರೆವೃತ್ತಿಪರ ಫುಟ್‌ಬಾಲ್ ತಂಡದಲ್ಲಿ ಆಡಿ, ಪರ್ಲ್ ಹಾರ್ಬರ್ ದಾಳಿಗೆ ಎರಡು ದಿನ ಮುಂಚೆ, 1941ರ ಡಿಸೆಂಬರ್ 5ರಂದು ಹಡಗು ಹತ್ತಿದರು. 1942ರಲ್ಲಿ ಸೈನ್ಯಕ್ಕೆ ಸೇರಿದರು. 1944ರಲ್ಲಿ ಟೆಕ್ಸಸ್‌ನ ಸೈನಿಕ ಶಿಬಿರದ ಬಸ್ಸಿನಲ್ಲಿ ಹಿಂದಿನ ಸೀಟಿಗೆ ಹೋಗಲು ನಿರಾಕರಿಸಿದ್ದಕ್ಕೆ ಸೈನಿಕ ನ್ಯಾಯಾಲಯದ ವಿಚಾರಣೆ ಎದುರಿಸಿ ನಿರ್ದೋಷಿಯೆಂದು ಹೊರಬಂದರು. 1945ರಲ್ಲಿ ಕಪ್ಪು ಆಟಗಾರರ ಲೀಗಿನ ಕ್ಯಾನ್ಸಸ್ ಸಿಟಿ ಮೊನಾರ್ಕ್ಸ್ ತಂಡದಲ್ಲಿ ಆಡುತ್ತಿದ್ದಾಗ ಡಾಡ್ಜರ್ಸ್ ತಂಡದ ಮುಖ್ಯಸ್ಥ ಬ್ರಾಂಚ್ ರಿಕಿ ಅವರಿಂದ ಕರೆ ಬಂತು. ಮೊದಲು ತೆರೆದ ಬಾಗಿಲು ಬೇಸ್‌ಬಾಲಿನದು.

ಈ ಪಟ್ಟಿಯನ್ನು ತಂಡದ ಉಳಿದವರಿಗೂ ವಿಸ್ತರಿಸಿ ನೋಡುವುದು ಫಲಕಾರಿ. 1939ರ ಯುಸಿಎಲ್‌ಎ ಫುಟ್‌ಬಾಲ್ ತಂಡದಲ್ಲಿ ರಾಬಿನ್ಸನ್ ಜೊತೆ ಕೆನ್ನಿ ವಾಷಿಂಗ್ಟನ್, ವುಡಿ ಸ್ಟ್ರೋಡ್, ರೇ ಬಾರ್ಟ್ಲೆಟ್ ಎಂಬ ಇನ್ನೂ ಮೂವರು ಕಪ್ಪು ಆಟಗಾರರಿದ್ದರು. ದೇಶದ ಬಹುತೇಕ ತಂಡಗಳಲ್ಲಿ ಒಬ್ಬರೂ ಇಲ್ಲದ ಕಾಲವದು. 1946ರಲ್ಲಿ ಕ್ಲೀವ್‌ಲ್ಯಾಂಡ್‌ನಿಂದ ಲಾಸ್ ಏಂಜಲೀಸ್‌ಗೆ ಬಂದ, ನ್ಯಾಷನಲ್ ಫುಟ್‌ಬಾಲ್ ಲೀಗ್‌ನ ರ‍್ಯಾಮ್ಸ್ ತಂಡ ಸಾರ್ವಜನಿಕ ಹಣದಿಂದ ಕಟ್ಟಿದ ಕೊಲಿಸಿಯಂ ಕ್ರೀಡಾಂಗಣವನ್ನು ಬಳಸಲು ಬಯಸಿದಾಗ, ಕಪ್ಪು ಪತ್ರಕರ್ತರು ಹೇರಿದ ಒತ್ತಡದಿಂದ ವಾಷಿಂಗ್ಟನ್ ಮತ್ತು ಸ್ಟ್ರೋಡ್ ಇಬ್ಬರನ್ನೂ ಸೇರಿಸಿಕೊಂಡಿತು. ಹೀಗೆ ಒಂದೇ ಕಾಲೇಜು ತಂಡದ ಮೂವರು ಒಂದೆರಡು ವರ್ಷಗಳ ಅಂತರದಲ್ಲಿ ಎರಡು ದೊಡ್ಡ ಲೀಗುಗಳ ವರ್ಣಭೇದದ ಗೋಡೆಯನ್ನು ದಾಟಿದರು. ಬೇಸ್‌ಬಾಲ್ ಒಂದನ್ನೇ ಬರೆದವರಿಗೆ ಈ ಸಂಬಂಧ ಕಾಣಿಸುವ ಅವಕಾಶವೇ ಇಲ್ಲ.

ಆಕರಗಳು ಮತ್ತು ದಂತಕಥೆಗಳು

ಕಾಲೇಜಿನ ವಾರ್ಷಿಕ ಸಂಚಿಕೆ, ವಿದ್ಯಾರ್ಥಿಗಳೇ ಹೊರತರುವ ದಿನಪತ್ರಿಕೆ, ಪಂದ್ಯದ ಅಂಕಪಟ್ಟಿ, ಕ್ರೀಡಾ ವಿಭಾಗದ ಕೈಪಿಡಿ, ಇವು ನಾಲ್ಕು ಮೊದಲ ಆಕರಗಳು. ವಾರ್ಷಿಕ ಸಂಚಿಕೆ ಹೊಗಳಿಕೆಗಾಗಿಯೇ ಹುಟ್ಟಿದ್ದು, ಆದ್ದರಿಂದ ಅದರಿಂದ ಹೆಸರು-ದಿನಾಂಕಗಳನ್ನು ಮಾತ್ರ ತೆಗೆದುಕೊಳ್ಳಬೇಕು. ಕಪ್ಪು ಕ್ರೀಡಾಪಟುವಿನ ಬಗ್ಗೆ ಬರೆಯುವಾಗ ಪಿಟ್ಸ್‌ಬರ್ಗ್ ಕೊರಿಯರ್, ಚಿಕಾಗೋ ಡಿಫೆಂಡರ್, ಕ್ಯಾಲಿಫೋರ್ನಿಯಾ ಈಗಲ್‌ನಂಥ ಕಪ್ಪು ಸಮುದಾಯದ ಪತ್ರಿಕೆಗಳನ್ನು ಓದದೆ ಬರೆಯಲೇಬಾರದು. ನಗರದ ದೊಡ್ಡ ಪತ್ರಿಕೆಗಳು ಗೋಲು-ಅಂಕಗಳನ್ನಷ್ಟೇ ವರದಿ ಮಾಡಿದ ದಿನವೇ ಈ ಪತ್ರಿಕೆಗಳು ಆಟಗಾರನಿಗೆ ಹೋಟೆಲಿನಲ್ಲಿ ಕೋಣೆ ಸಿಕ್ಕಿತೇ ಎಂಬುದನ್ನು ಬರೆಯುತ್ತಿದ್ದವು. ಅಂಕಪಟ್ಟಿಯಲ್ಲಿ ಆಡದವರ ಹೆಸರನ್ನೂ ಗಮನಿಸಬೇಕು. 1916ರಲ್ಲಿ ವಾಷಿಂಗ್ಟನ್ ಅಂಡ್ ಲೀ ಕಾಲೇಜಿನ ತಂಡ ಕಪ್ಪು ಆಟಗಾರನೆದುರು ಆಡುವುದಿಲ್ಲವೆಂದಾಗ ರಟ್ಗರ್ಸ್ ಅವರಿಗೆ ಮಣಿದು ರೋಬ್ಸನ್ ಅವರನ್ನು ಹೊರಗಿರಿಸಿತು. ಆ ದಿನದ ಪಟ್ಟಿಯಲ್ಲಿ ಅವರ ಹೆಸರು ಇಲ್ಲದಿರುವುದೇ ಬರೆಯಬೇಕಾದ ಸಂಗತಿ.

ಬದುಕಿರುವವರ ಬಗ್ಗೆ ಬರೆಯುವುದಾದರೆ ಅವರ ಪರೀಕ್ಷೆಯ ಅಂಕಗಳನ್ನಾಗಲಿ ವೈದ್ಯಕೀಯ ವಿವರಗಳನ್ನಾಗಲಿ ಬೇರೆಯವರಿಂದ ಪಡೆಯಲು ಹೋಗಬಾರದು. ಅವರಾಗಿಯೇ ಹೇಳಿದರೆ ಬರೆಯಬಹುದು.

ಹಲವು ಆಟಗಳಲ್ಲಿ ಗೆದ್ದವರ ಸುತ್ತ ದಂತಕಥೆಗಳು ಬೇಗ ಬೆಳೆಯುತ್ತವೆ, ಏಕೆಂದರೆ ನಾಲ್ಕು ಆಟ ನಿಜವಾಗಿದ್ದರೆ ಐದನೆಯದನ್ನೂ ನಂಬಲು ಜನ ಸಿದ್ಧರಿರುತ್ತಾರೆ. ಜಿಮ್ ಥೋರ್ಪ್ ಇದಕ್ಕೆ ದೊಡ್ಡ ನಿದರ್ಶನ. ಸ್ಯಾಕ್ ಅಂಡ್ ಫಾಕ್ಸ್ ಬುಡಕಟ್ಟಿನ ಅವರು ಪೆನ್ಸಿಲ್ವೇನಿಯಾದ ಕಾರ್ಲೈಲ್ ಇಂಡಿಯನ್ ಇಂಡಸ್ಟ್ರಿಯಲ್ ಸ್ಕೂಲ್‌ನಲ್ಲಿ ಪಾಪ್ ವಾರ್ನರ್ ಅವರ ತರಬೇತಿಯಲ್ಲಿ ಫುಟ್‌ಬಾಲ್, ಟ್ರ್ಯಾಕ್ ಮೊದಲಾದವನ್ನು ಆಡಿ, 1911ರಲ್ಲಿ ಹಾರ್ವರ್ಡ್ ವಿರುದ್ಧದ 18-15ರ ಗೆಲುವಿನಲ್ಲಿ ನಾಲ್ಕು ಫೀಲ್ಡ್ ಗೋಲುಗಳನ್ನು (ಗೋಲು ಕಂಬಗಳ ನಡುವೆ ಚೆಂಡನ್ನು ಒದ್ದು ಗಳಿಸುವ ಅಂಕ) ಹೊಡೆದರು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಐದು ಸ್ಪರ್ಧೆಗಳ ಪೆಂಟಾಥ್ಲಾನ್ ಮತ್ತು ಹತ್ತು ಸ್ಪರ್ಧೆಗಳ ಡೆಕಾಥ್ಲಾನ್ ಎರಡರಲ್ಲೂ ಚಿನ್ನ ಗೆದ್ದರು. ಇಷ್ಟೂ ಸ್ಥಿರವಾದ ಸಂಗತಿ. ಸ್ವೀಡನ್ನಿನ ರಾಜ ಅವರನ್ನು ಜಗತ್ತಿನ ಶ್ರೇಷ್ಠ ಕ್ರೀಡಾಪಟುವೆಂದು ಕರೆದಾಗ ಅವರು ಕೊಟ್ಟರೆನ್ನಲಾದ ಚುಟುಕು ಉತ್ತರ ಮಾತ್ರ ಬಾಯಿಂದ ಬಾಯಿಗೆ ಬಂದದ್ದು. ಅದನ್ನು ಹಾಗೆಂದೇ ಗುರುತಿಸಿ ಹೇಳಬೇಕು. ಅವರ ಹುಟ್ಟಿದ ವರ್ಷವೂ 1887 ಎಂದು ಒಂದು ಕಡೆ, 1888 ಎಂದು ಇನ್ನೊಂದು ಕಡೆ ಇದೆ. ಎರಡನ್ನೂ ಕೊಡುವುದು ಪ್ರಾಮಾಣಿಕತೆ.

ಥೋರ್ಪ್ ಅವರನ್ನು ಕಾಲೇಜು ಕ್ರೀಡಾಪಟು ಎಂದು ಕರೆಯುವ ಮುನ್ನ ಒಂದು ಕ್ಷಣ ನಿಲ್ಲಬೇಕು. ಕಾರ್ಲೈಲ್ ತಂಡ ಕಾಲೇಜುಗಳ ವಿರುದ್ಧ ಆಡುತ್ತಿತ್ತು, ಆದರೆ 1879ರಿಂದ 1918ರವರೆಗೆ ನಡೆದ ಆ ಸಂಸ್ಥೆ ಮೂಲನಿವಾಸಿ ಮಕ್ಕಳನ್ನು ಅವರ ಭಾಷೆ, ವೇಷ, ಮನೆಗಳಿಂದ ಬೇರ್ಪಡಿಸುವ ಉದ್ದೇಶದ ಸರ್ಕಾರಿ ವಸತಿಶಾಲೆಯಾಗಿತ್ತು. ಅಲ್ಲಿನ ಗೆಲುವುಗಳನ್ನು ಕಾಲೇಜು ಜೀವನದ ಉಲ್ಲಾಸವೆಂಬಂತೆ ಬಣ್ಣಿಸಿದರೆ ಬರಹ ಸುಳ್ಳಾಗುತ್ತದೆ. ಸಂಸ್ಥೆ ಯಾವ ಬಗೆಯದು, ಅದಕ್ಕೆ ಕ್ರೀಡೆಯಿಂದ ಏನು ದಕ್ಕುತ್ತಿತ್ತು, ಆಡಿದವರಿಗೆ ಏನು ದಕ್ಕಿತು ಎಂಬ ಮೂರನ್ನೂ ಕೇಳಿಕೊಳ್ಳದೆ ಯಾವ ಕಾಲೇಜು ಕ್ರೀಡಾಪಟುವಿನ ಕಥೆಯನ್ನೂ ಮುಗಿಸಬಾರದು.

ಬಳುವಳಿಯನ್ನು ಬರೆಯುವುದು

ಬಳುವಳಿಯ ಅಧ್ಯಾಯದಲ್ಲಿ ಬರಹಗಾರರು ಸಾಮಾನ್ಯವಾಗಿ ಪ್ರಶಸ್ತಿಗಳನ್ನು ಸಾಲಾಗಿ ಪೇರಿಸುತ್ತಾರೆ. ಅದರ ಬದಲು, ಪ್ರತಿಯೊಂದು ಗೌರವ ಯಾವ ವರ್ಷ ಬಂತು, ಏಕೆ ಅಷ್ಟು ತಡವಾಯಿತು, ಅದನ್ನು ಕೊಟ್ಟವರು ಅಲ್ಲಿಯವರೆಗೆ ಏನು ಮಾಡುತ್ತಿದ್ದರು ಎಂದು ನೋಡಿದರೆ ಅಧ್ಯಾಯಕ್ಕೆ ಜೀವ ಬರುತ್ತದೆ. ರೋಬ್ಸನ್ 1917 ಮತ್ತು 1918ರಲ್ಲಿ ದೇಶದ ಅತ್ಯುತ್ತಮ ಫುಟ್‌ಬಾಲ್ ಆಟಗಾರರ ಸಾಲಿಗೆ ಸೇರಿದವರು. ಗಾಯಕರಾಗಿ, ನಟರಾಗಿ ಲೋಕಪ್ರಸಿದ್ಧರಾದ ಮೇಲೆ ಅವರ ರಾಜಕೀಯ ನಿಲುವುಗಳಿಗಾಗಿ 1950ರಲ್ಲಿ ಪಾಸ್‌ಪೋರ್ಟ್ ಕಿತ್ತುಕೊಳ್ಳಲಾಯಿತು, ಅದೇ ಕಾಲದಲ್ಲಿ ಹಳೆಯ ಆಟಗಾರರ ಪಟ್ಟಿಯಿಂದಲೂ ಅವರ ಹೆಸರನ್ನು ಅಳಿಸಲಾಯಿತು. ಅವರು 1976ರಲ್ಲಿ ತೀರಿಕೊಂಡರು. ಶ್ರೇಷ್ಠ ಆಟಗಾರರ ಗೌರವಪಟ್ಟಿಯಾದ ಕಾಲೇಜ್ ಫುಟ್‌ಬಾಲ್ ಹಾಲ್ ಆಫ್ ಫೇಮ್‌ಗೆ ಸೇರಿದ್ದು 1995ರಲ್ಲಿ. ಈ ಮೂರು ವರ್ಷಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಸಾಕು, ಮೇಲೆ ಯಾವ ವ್ಯಾಖ್ಯಾನವೂ ಬೇಡ.

ಥೋರ್ಪ್ ಅವರ ಪ್ರಕರಣದಲ್ಲಿ ನಿಯಮವನ್ನೇ ಓದಬೇಕಾಗುತ್ತದೆ. 1909 ಮತ್ತು 1910ರ ಬೇಸಿಗೆಗಳಲ್ಲಿ ಉತ್ತರ ಕ್ಯಾರೊಲಿನಾದಲ್ಲಿ ಅಲ್ಪ ಸಂಬಳಕ್ಕೆ ಬೇಸ್‌ಬಾಲ್ ಆಡಿದ್ದಕ್ಕಾಗಿ ಅವರು ಹವ್ಯಾಸಿ ಅಲ್ಲವೆಂದು ಸಾರಿ, ಹವ್ಯಾಸಿಗಳಿಗಷ್ಟೇ ಮೀಸಲಾಗಿದ್ದ 1912ರ ಒಲಿಂಪಿಕ್ಸ್‌ನ ಪದಕಗಳನ್ನು 1913ರಲ್ಲಿ ಹಿಂಪಡೆಯಲಾಯಿತು. ಆದರೆ ಆಕ್ಷೇಪಣೆಯನ್ನು ಕೂಟ ಮುಗಿದ 30 ದಿನಗಳೊಳಗೆ ಸಲ್ಲಿಸಬೇಕೆಂಬುದು ಆ ಕೂಟದ ನಿಯಮವಾಗಿತ್ತು. ಆರು ತಿಂಗಳು ಕಳೆದ ಮೇಲೆ ಎತ್ತಿದ ಆಕ್ಷೇಪ ಆಗಲೇ ತಳ್ಳಿಹಾಕಬೇಕಾದದ್ದಾಗಿತ್ತು. 1953ರಲ್ಲಿ ಅವರು ತೀರಿಕೊಂಡರು. 1982ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಅವರನ್ನು ಜಂಟಿ ವಿಜೇತರೆಂದಿತು, 2022ರ ಜುಲೈನಲ್ಲಿ ಏಕೈಕ ವಿಜೇತರೆಂದು ಒಪ್ಪಿಕೊಂಡಿತು. 2022ಕ್ಕಿಂತ ಮೊದಲು ಅಚ್ಚಾದ ಪುಸ್ತಕಗಳಿಂದ ಮಾಹಿತಿ ತೆಗೆಯುವವರು ಈ ಒಂದು ಕಾರಣಕ್ಕೇ ತಪ್ಪು ಬರೆಯಬಲ್ಲರು. ಬಳುವಳಿ ನಿಂತ ನೀರಲ್ಲ, ಅದರ ಪ್ರತಿ ಸಂಗತಿಗೂ ಯಾವ ದಿನದವರೆಗಿನ ಮಾಹಿತಿ ಎಂಬ ಗುರುತು ಬೇಕು.

ರಾಬಿನ್ಸನ್ ವಿಷಯದಲ್ಲಿ ಗೌರವಗಳು ಹೇರಳ: 1962ರಲ್ಲಿ ಬೇಸ್‌ಬಾಲ್ ಹಾಲ್ ಆಫ್ ಫೇಮ್, 1972ರ ಅಕ್ಟೋಬರ್ 24ರಂದು 53ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡ ಮರುವರ್ಷವೇ ರೇಚಲ್ ಸ್ಥಾಪಿಸಿದ ವಿದ್ಯಾರ್ಥಿವೇತನದ ಪ್ರತಿಷ್ಠಾನ, 1997ರಲ್ಲಿ ಮೇಜರ್ ಲೀಗ್‌ನ ಎಲ್ಲ ತಂಡಗಳಲ್ಲೂ ಅವರ ಅಂಗಿಯ ಸಂಖ್ಯೆ 42ಕ್ಕೆ ನಿವೃತ್ತಿ, ಅಂದರೆ ಅದನ್ನು ಹೊಸ ಆಟಗಾರರಿಗೆ ಕೊಡದಿರುವ ಗೌರವ. ಇವುಗಳಲ್ಲಿ ಹಲವು ಆಟಗಳ ಕಾಲೇಜು ಕ್ರೀಡಾಪಟುವನ್ನು ನೆನೆದದ್ದು ಯಾವುದು ಎಂದು ಹುಡುಕಿದರೆ ಸಿಗುವುದು 2014ರ ನಿರ್ಧಾರ: ಯುಸಿಎಲ್‌ಎ 42ನ್ನು ಬೇಸ್‌ಬಾಲಿಗೆ ಮಾತ್ರ ಸೀಮಿತಗೊಳಿಸದೆ ತನ್ನ ಎಲ್ಲ ಆಟಗಳಲ್ಲೂ ನಿವೃತ್ತಿಗೊಳಿಸಿತು. ಆ ಸಂಖ್ಯೆಯನ್ನು ಅವರು ಯುಸಿಎಲ್‌ಎಯಲ್ಲಿ ತೊಟ್ಟೇ ಇರಲಿಲ್ಲ, ಅದು ಡಾಡ್ಜರ್ಸ್ ದಿನಗಳದ್ದು ಎಂಬುದನ್ನೂ ಜೊತೆಗೆ ಬರೆಯಿರಿ.

ಕೊನೆಯದಾಗಿ, ಕ್ರೀಡಾಪಟುವಿನ ಪಕ್ಕದಲ್ಲಿ ನಿಂತಿದ್ದವರಿಗೆ ಬರಹದಲ್ಲಿ ಜಾಗ ಉಳಿಸಿಡಿ. ತಮ್ಮನಿಂದ ತನ್ನ ದಾಖಲೆ ಮುರಿಸಿಕೊಂಡ ಮ್ಯಾಕ್ ರಾಬಿನ್ಸನ್ 1936ರ ಬರ್ಲಿನ್‌ನಲ್ಲಿ 200 ಮೀಟರ್ ಓಟದಲ್ಲಿ ಓವೆನ್ಸ್ ಹಿಂದೆಯೇ ಬಂದು ಬೆಳ್ಳಿ ಗೆದ್ದವರು. ಊರಿಗೆ ಮರಳಿದ ಮೇಲೆ ಅವರಿಗೆ ದೊರೆತದ್ದು ಪಸಡೀನಾದ ಬೀದಿ ಗುಡಿಸುವ ಕೆಲಸ, ಅದನ್ನು ಅವರು ಒಲಿಂಪಿಕ್ ತಂಡದ ಜಾಕೆಟ್ ತೊಟ್ಟು ಮಾಡಿದರು. ಕಾಲೇಜು ಪದವಿ ಕಪ್ಪು ಯುವಕನಿಗೆ ಏನು ತಂದುಕೊಡಬಲ್ಲದು ಎಂಬ ಪ್ರಶ್ನೆ ಯುಸಿಎಲ್‌ಎ ಬಿಟ್ಟಾಗ ಜಾಕಿ ಮನಸ್ಸಿನಲ್ಲಿ ಏಕಿತ್ತೆಂದು ತಿಳಿಯಬೇಕಾದರೆ ಆ ಜಾಕೆಟ್ಟನ್ನು ನೋಡಬೇಕು. 1997ರಲ್ಲಿ ಪಸಡೀನಾ ನಗರಸಭೆಯ ಕಟ್ಟಡದ ಎದುರಿಗೆ ಅಣ್ಣತಮ್ಮಂದಿರಿಬ್ಬರ ಬೃಹತ್ ಕಂಚಿನ ಶಿರಗಳನ್ನು ನಿಲ್ಲಿಸಲಾಯಿತು. ಜಾಕಿ ಮುಖ ಪೂರ್ವಕ್ಕೆ, ಬ್ರೂಕ್ಲಿನ್ ಇರುವ ದಿಕ್ಕಿಗೆ ತಿರುಗಿದೆ. ಮ್ಯಾಕ್ ನಗರಸಭೆಯ ಕಡೆ ನೋಡುತ್ತಿದ್ದಾರೆ.